ಹೃದಯದ ಕಾಯಿಲೆಗೆ ಡಿಸ್‌ಅಬಿಲಿಟಿ ಪೆನ್ಷನ್: ಬೋರ್ಡ್ ಪೇಪರ್‌ನಲ್ಲಿ ಏನು ಬರೆದಿದ್ದಾರೆ ಅಂತ ಮೊದಲು ನೋಡಿ

ಸೇನೆಯಿಂದ ನಿವೃತ್ತಿ ಹತ್ತಿರ ಬಂದಿದೆ, ಹೃದಯದ ತೊಂದರೆಯಿಂದ ಲೋ ಮೆಡಿಕಲ್ ಕೆಟಗರಿಯಲ್ಲಿದ್ದೀರಿ (ಪೂರ್ತಿ ಫಿಟ್ ಅಲ್ಲ ಅನ್ನುವ ದರ್ಜೆ) ಅಂದರೆ ಇದನ್ನು ಪೂರ್ತಿ ಓದಿ. ಮನೆಯವರಿಗೂ ಓದಿಸಿ. ನಮ್ಮ ಅಣ್ಣನಿಗೆ ಬರಬೇಕಾದ ಹಣ ವರ್ಷಗಟ್ಟಲೆ ನಿಂತುಹೋಗಿತ್ತು. ಅದರಲ್ಲಿ ಒಂದಷ್ಟು ಇನ್ನು ಯಾವತ್ತೂ ಬರುವುದಿಲ್ಲ.

ಅಣ್ಣ ಹವಾಲ್ದಾರ್. ಎತ್ತರದ ಗಡಿ ಪ್ರದೇಶದಲ್ಲಿದ್ದಾಗ ಎದೆನೋವು ಶುರುವಾಯಿತು. ಎಂಐ ರೂಮ್‌ನಲ್ಲಿ (ಯೂನಿಟ್‌ನ ಸಣ್ಣ ಚಿಕಿತ್ಸಾಲಯ) ಗ್ಯಾಸ್ ಅಂತ ಮಾತ್ರೆ ಕೊಟ್ಟು ಕಳಿಸಿದರು. ಪೀಸ್ ಸ್ಟೇಷನ್‌ಗೆ (ಗಡಿಯಿಂದ ದೂರದ ಶಾಂತ ಜಾಗದ ಪೋಸ್ಟಿಂಗ್) ಬಂದ ಕೆಲವೇ ತಿಂಗಳಲ್ಲಿ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ನಿವೃತ್ತಿಗೆ ಮುಂಚೆ ಕೂತ ರಿಲೀಸ್ ಮೆಡಿಕಲ್ ಬೋರ್ಡ್ 30% ಡಿಸ್‌ಅಬಿಲಿಟಿ, ಜೀವನಪೂರ್ತಿ ಅಂತ ಬರೆಯಿತು. ಜೊತೆಗೆ, ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಜಾಸ್ತಿಯಾದದ್ದೂ ಅಲ್ಲ ಅಂತಲೂ ಬರೆಯಿತು. ಪೀಸ್ ಸ್ಟೇಷನ್‌ನಲ್ಲಿ ಶುರುವಾಗಿದೆ ಅನ್ನುವುದೊಂದೇ ಕಾರಣ. ಈ ಸಾಲು ಇದ್ದರೆ 30% ಇದ್ದೂ ಒಂದು ರೂಪಾಯಿ ಸಿಗುವುದಿಲ್ಲ. ಕನಿಷ್ಠ 20% ಇರಬೇಕು, ಕಾಯಿಲೆಗೂ ಸೇವೆಗೂ ಸಂಬಂಧವಿದೆ ಅಂತಲೂ ಆಗಬೇಕು. ಎರಡೂ ಬೇಕು.

ಹೃದಯದ ಕೇಸಿನಲ್ಲಿ ಬೇರೆ ಕಾಯಿಲೆಗಳಿಗಿಲ್ಲದ ಒಂದು ವಿಷಯವಿದೆ. ಅಟ್ಯಾಕ್ ಆಗುವ ಮುಂಚಿನ 14 ದಿನ ಯಾವ ಡ್ಯೂಟಿ ಮಾಡಿದ್ದರು ಅನ್ನುವ ವಿವರವನ್ನು ಯೂನಿಟ್ ಕೊಡಬೇಕು. ಒತ್ತಡ ಎಷ್ಟಿತ್ತು ಅಂತ ಬೋರ್ಡ್ ಅದರಿಂದಲೇ ಅಳೆಯುತ್ತದೆ. ಅಣ್ಣನ ಫೈಲ್‌ನಲ್ಲಿದ್ದದ್ದು ‘ಸಾಮಾನ್ಯ ಡ್ಯೂಟಿ’ ಅಂತ ಒಂದೇ ಸಾಲು. ಆ ದಿನಗಳಲ್ಲಿ ಅವರು ರಾತ್ರಿ ಗಾರ್ಡ್ ಮುಗಿಸಿ ಬೆಳಗ್ಗೆ ಮತ್ತೆ ಪರೇಡ್‌ಗೆ ನಿಲ್ಲುತ್ತಿದ್ದರು. ಆಸ್ಪತ್ರೆಯಲ್ಲಿ ಮಲಗಿದವರಿಗೆ ಇದನ್ನು ಯಾರೂ ತೋರಿಸಲಿಲ್ಲ. ನೀವು ಕೇಳಿ, ಓದಿ, ನಕಲು ಇಟ್ಟುಕೊಳ್ಳಿ. ಬೋರ್ಡ್ ಫಾರಂನಲ್ಲಿ (ಎಎಫ್‌ಎಂಎಸ್‌ಎಫ್-16) ಸೈನಿಕನೇ ಹೇಳಿಕೆ ಕೊಡುವ ಭಾಗವೊಂದಿದೆ. ಮೊದಲ ಸಲ ಎಲ್ಲಿ, ಯಾವಾಗ ನೋವು ಬಂತು ಅನ್ನುವುದು ಅಲ್ಲಿ ಬರಬೇಕು. ಎಂಐ ರೂಮ್ ಚೀಟಿ ಇದ್ದರೆ ಚಿನ್ನದಂತೆ ಕಾಪಾಡಿ.

ಆಮೇಲೆ ಬಂದವನು ಏಜೆಂಟ್. ‘ಒಳಗೆ ನಮ್ಮವರಿದ್ದಾರೆ’ ಅಂದ. ಮುಂಗಡ ತಗೊಂಡ, ಬಾಕಿ ಹಣದಲ್ಲೂ ಪಾಲು ಕೇಳಿದ. ಮೊದಲ ಅಪೀಲು ತಿರಸ್ಕಾರವಾಯಿತು. ಅವನು ಏನು ಬರೆದಿದ್ದ ಅಂತ ಆರ್‌ಟಿಐ ಹಾಕಿ ತರಿಸಿದರೆ, ಅದರಲ್ಲಿದ್ದದ್ದು ಬೇರೆ ಯಾರದೋ ಸಕ್ಕರೆ ಕಾಯಿಲೆಯ ಕಥೆ! ಮೇಲೆ ಅಣ್ಣನ ಹೆಸರು, ನಂಬರ್ ಮಾತ್ರ. ಈಗಲೂ ನೆನೆದರೆ ಮೈ ಉರಿಯುತ್ತದೆ. ದೇಶಕ್ಕಾಗಿ ದುಡಿದ ಮನುಷ್ಯನ ಎದೆನೋವಿಗೆ ಇಷ್ಟೇನಾ ಬೆಲೆ? ಎರಡನೇ ಅಪೀಲು ಹಾಕಿದ್ದೇನೆ ಅಂತ ಸುಮ್ನೆ ಹೇಳುತ್ತಾ ಕಾಲ ಕಳೆದ. ಹಾಕಿರಲೇ ಇಲ್ಲ. ತಿರಸ್ಕಾರದ ಪತ್ರ ಬಂದ ಮೇಲೆ ಅಪೀಲಿಗೆ ಇರುವುದು ಆರು ತಿಂಗಳು.

ಇಂಥವರ ಕೈಗೆ ಕಾಗದ ಕೊಡಬೇಡಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಬೋರ್ಡ್ ಪೇಪರ್ ನಿಮ್ಮ ಹತ್ತಿರ ಇಲ್ಲದಿದ್ದರೆ ಅದನ್ನೂ ಆರ್‌ಟಿಐ ಹಾಕಿ ತರಿಸಿ.

ಕೊನೆಗೆ ಕೈ ಹಿಡಿದದ್ದು ಧರಂವೀರ್ ಸಿಂಗ್ ಕೇಸಿನಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಸೇರುವಾಗ ಕಾಯಿಲೆ ಇತ್ತು ಅಂತ ದಾಖಲೆಯಲ್ಲಿ ಇಲ್ಲದಿದ್ದರೆ, ಅದು ಸೇವೆಯಿಂದ ಬಂತು ಅಂತಲೇ ಮೊದಲು ತಿಳಿಯಬೇಕು. ಅಲ್ಲ ಅನ್ನುವುದಾದರೆ ಬೋರ್ಡ್ ಕಾರಣ ಬರೆಯಬೇಕು. ವಕೀಲರು ಇದನ್ನೇ ಹಿಡಿದು ಸಶಸ್ತ್ರ ಪಡೆಗಳ ಟ್ರಿಬ್ಯೂನಲ್‌ನ ಕೊಚ್ಚಿ ಪೀಠದಲ್ಲಿ ವಾದಿಸಿದರು. ಆದೇಶ ನಮ್ಮ ಕಡೆ ಬಂತು. 2014ರ ರಾಮ್ ಅವತಾರ್ ತೀರ್ಪಿನ ಪ್ರಕಾರ 30% ಅನ್ನು 50% ಅಂತ ಲೆಕ್ಕ ಹಿಡಿದರು. ಪೂರ್ತಿ 100% ಡಿಸ್‌ಅಬಿಲಿಟಿಗೆ ಕೊನೆಯ ಸಂಬಳದ 30% ಸಿಗುತ್ತದೆ. ಅಂದರೆ 40,000 ಸಂಬಳ ಇದ್ದವರಿಗೆ 50% ಲೆಕ್ಕದಲ್ಲಿ ತಿಂಗಳಿಗೆ 6,000, ಮೇಲೆ ಡಿಆರ್ (ಪೆನ್ಷನ್ ಜೊತೆ ಬರುವ ತುಟ್ಟಿ ಪರಿಹಾರ). ಸಣ್ಣ ಮೊತ್ತ ಅಲ್ಲ, ಅಲ್ವಾ?

ಅಣ್ಣ ನಿವೃತ್ತರಾದದ್ದು ಹಳೆಯ ನಿಯಮ ಇದ್ದಾಗ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ. ಆಮೇಲೆ ಹೊರಬಂದವರು ಈ ಲೆಕ್ಕವನ್ನು ಹಾಗೇ ನಂಬಬೇಡಿ, ಹೊಸದನ್ನು ಓದಿಸಿಕೊಳ್ಳಿ.

ಇನ್ನು ತಡದ ವಿಷಯ. ಇಂಥ ಪೆನ್ಷನ್ ಕೇಸನ್ನು ತಡವಾಗಿ ಹಾಕಿದರೂ ಟ್ರಿಬ್ಯೂನಲ್ ಕೇಳಬಹುದು. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ಬಾಕಿ ಸಿಗುವುದು ಕೇಸ್ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಮಾತ್ರ. ಏಜೆಂಟ್ ನುಂಗಿದ ವರ್ಷಗಳ ಹಣ ಅಣ್ಣನಿಗೆ ಸಿಗಲಿಲ್ಲ. ನಿಮ್ಮ ಮನೆಯಲ್ಲೂ ತಿರಸ್ಕಾರದ ಪತ್ರ ಬಿದ್ದಿದ್ದರೆ ಇವತ್ತೇ ತೆಗೆದು ಅದರ ತಾರೀಖು ನೋಡಿ.