ಮಡಿಕೇರಿಯ ಎರವಲು ಗ್ರಂಥಾಲಯದ ಒಂದು ಕಪಾಟು

ಯಹೂದಿ ನರಮೇಧದ ಕಾಲದ ಪ್ರತಿರೋಧಕ್ಕೆಂದೇ ಕಪಾಟೊಂದನ್ನು ಮೀಸಲಿಟ್ಟಿರುವ ಈ ಪುಟ್ಟ ಗ್ರಂಥಾಲಯಕ್ಕೆ ನಾನು ಮಳೆಗಾಲವಿಡೀ ಸದಸ್ಯನಾಗಿದ್ದೆ.

ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಪೋಲೆಂಡಿನ ವಾರ್ಸಾ ಘೆಟ್ಟೋದಲ್ಲಿ 1943ರ ಏಪ್ರಿಲ್ 19ರಂದು ಮೊರ್ಡೆಖಾಯ್ ಅನಿಯೆಲೆವಿಚ್ ಮುಂದಾಳುತನದ ಯುವಕ ಯುವತಿಯರು ಹೆಚ್ಚಾಗಿ ಪಿಸ್ತೂಲು, ಕೈಬಾಂಬುಗಳನ್ನೇ ನಂಬಿ ನಾಜಿ ಪಡೆಗಳ ವಿರುದ್ಧ ಎದ್ದು, ಸುಮಾರು ನಾಲ್ಕು ವಾರ ಸೆಣಸಿದ ವೃತ್ತಾಂತವನ್ನು, ಕೊಡವರ ಹಬ್ಬವಾದ ಕೈಲ್ ಪೊಳ್ದಿನಂದು ಕೋವಿಗೆ ಪೂಜೆ ಸಲ್ಲಿಸುವ ಮನೆಯಲ್ಲಿ ಬೆಳೆದ ನಾನು ಮೈನವಿರೇಳುತ್ತ ಓದಿದೆ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆಯುಧವಿಲ್ಲದ ಸಾಹಸ. ಇತಿಹಾಸಕಾರ ಇಮಾನ್ಯುಯೆಲ್ ರಿಂಗೆಲ್‌ಬ್ಲುಮ್ ಮತ್ತು ಸಂಗಡಿಗರು ಅದೇ ಘೆಟ್ಟೋದ ದಿನಚರಿ, ಪತ್ರ, ಪಡಿತರ ಚೀಟಿಗಳನ್ನು ಗುಟ್ಟಾಗಿ ಕೂಡಿಸಿ, ಲೋಹದ ಪೆಟ್ಟಿಗೆಗಳಲ್ಲಿಯೂ ಹಾಲಿನ ಕ್ಯಾನುಗಳಲ್ಲಿಯೂ ತುಂಬಿ ನೆಲದಲ್ಲಿ ಹೂತಿಟ್ಟರು. ಒಂದು ಭಾಗ 1946ರಲ್ಲಿ, ಮತ್ತೊಂದು 1950ರಲ್ಲಿ ದೊರೆಯಿತು. ಸಾವು ಖಚಿತವೆಂದು ತಿಳಿದೂ ಸಾಕ್ಷ್ಯವನ್ನು ಉಳಿಸಲು ದುಡಿದ ಆ ಕೈಗಳನ್ನು ನೆನೆದಾಗ ಇಂದಿಗೂ ಕಣ್ಣು ತೇವವಾಗುತ್ತದೆ.

ನಾಜಿಗಳ ಹತ್ಯಾ ಶಿಬಿರವಾಗಿದ್ದ ಸೋಬಿಬೋರ್‌ನಲ್ಲಿ ಕೈದಿಗಳು ಎಬ್ಬಿಸಿದ ದಂಗೆಯ ಕುರಿತ ಪುಸ್ತಕಗಳೂ ಇವೆ. ಗ್ರಂಥಾಲಯ ನೋಡಿಕೊಳ್ಳುವ ಅಕ್ಕ ಯಾವುದನ್ನು ಮೊದಲು ಓದಬೇಕೆಂದು ತಾಳ್ಮೆಯಿಂದ ತಿಳಿಸಿಕೊಡುತ್ತಾರೆ. ಜುಲೈ ತಿಂಗಳ ತೇವಕ್ಕೆ ಕೆಲವು ಹಾಳೆಗಳು ಬೂಷ್ಟು ಹಿಡಿದಿರುವುದು, ಕನ್ನಡದ ಪುಸ್ತಕಗಳು ತೀರಾ ಕಡಿಮೆಯಿರುವುದು ಕೊರತೆಗಳು. ಪ್ರೌಢಶಾಲೆಯ ಮಕ್ಕಳೂ ಓದಬಹುದಾದ ಕನ್ನಡ ಪುಸ್ತಕಗಳನ್ನು ತರಿಸಬೇಕೆಂದು ಸಲಹಾ ಪುಸ್ತಕದಲ್ಲಿ ಬರೆದು ಬಂದಿದ್ದೇನೆ.