ಟೆಫ್ಲಾನ್ ಕ್ಯಾನುಲಾವೋ, ಪಾಲಿಯುರೆಥೇನ್ ಕ್ಯಾನುಲಾವೋ?

ಕೈಯ ಅಭಿಧಮನಿಗೆ ಡ್ರಿಪ್ ಹಾಕುವ ಕ್ಯಾನುಲಾಗಳನ್ನು (ಸೂಜಿಯ ಮೇಲೆ ತೊಡಿಸಿದ ಸಣ್ಣ ನಳಿಕೆ; ಚುಚ್ಚಿದ ಮೇಲೆ ಸೂಜಿಯನ್ನು ಹೊರತೆಗೆದು ನಳಿಕೆಯನ್ನಷ್ಟೇ ಒಳಗೆ ಬಿಡುತ್ತಾರೆ) ವಾರ್ಡಿಗೆ ಕೊಳ್ಳುವವರ ಮುಂದೆ ಸಾಮಾನ್ಯವಾಗಿ ಎರಡು ಆಯ್ಕೆಗಳಿರುತ್ತವೆ: ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್‌ನದು ಮತ್ತು ಪಾಲಿಯುರೆಥೇನ್‌ನದು. ಟೆಫ್ಲಾನ್ ನಳಿಕೆಯ ಮೈ ನುಣುಪು, ಬಿಗುವೂ ಹೆಚ್ಚು. ಆದ್ದರಿಂದ ಅದು ಚರ್ಮವನ್ನು ದಾಟುವಾಗ ಸೂಜಿಯ ಜೊತೆಗೇ ಸಲೀಸಾಗಿ ಒಳಹೋಗುತ್ತದೆ. ಆದರೆ ಆ ಬಿಗುವು ಒಳಗೂ ಉಳಿಯುವುದರಿಂದ, ರೋಗಿಯು ಮಣಿಕಟ್ಟನ್ನು ಮಡಿಸಿದಾಗ ನಳಿಕೆ ಮಡಿಚಿಕೊಂಡು ಹರಿವು ನಿಲ್ಲಬಹುದು ಮತ್ತು ರಕ್ತನಾಳದ ಒಳಗೋಡೆ ಕೆರಳಿ ಬಾವು ಬರಬಹುದು. ಪಾಲಿಯುರೆಥೇನ್ ಚುಚ್ಚುವಾಗ ಬೇಕಾದಷ್ಟು ಗಟ್ಟಿಯಾಗಿದ್ದು, ಒಳಸೇರಿದ ಮೇಲೆ ದೇಹದ ಬಿಸಿಗೆ ಮೆತ್ತಗಾಗುತ್ತದೆ. ಕೆಲವೇ ಗಂಟೆಗಳ ಬಳಕೆಗೆ ಟೆಫ್ಲಾನ್ ಸಾಕು. ಎರಡು ಮೂರು ದಿನ ಇರಬೇಕಾದರೆ, ಬೆಲೆ ತುಸು ಹೆಚ್ಚಾದರೂ ನಾನು ಪಾಲಿಯುರೆಥೇನನ್ನೇ ಆರಿಸುತ್ತೇನೆ.

ಚುಚ್ಚುವಿಕೆ ಸುಲಭವಾಗುವುದು ಮಾತ್ರ ವಸ್ತುವಿಗಿಂತ ಹೆಚ್ಚಾಗಿ ತುದಿಯ ವಿನ್ಯಾಸದಿಂದ. ಮಾದರಿಯೊಂದನ್ನು ಬಿಚ್ಚಿ, ನಳಿಕೆ ಮುಗಿದು ಬರಿಯ ಸೂಜಿ ಕಾಣುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ: ಅಲ್ಲಿ ಅಂಚು ತೆಳುವಾಗುತ್ತ ಸೂಜಿಗೆ ಅಂಟಿಕೊಂಡಂತಿರಬೇಕು, ಮೆಟ್ಟಿಲಿನಂತೆ ಎದ್ದಿದ್ದರೆ ಚರ್ಮಕ್ಕೆ ಸಿಕ್ಕಿಕೊಂಡು ಹಿಂದಕ್ಕೆ ಸುರುಳುತ್ತದೆ, ನೋವೂ ಹೆಚ್ಚು.

ಇನ್ನು ಸೂಜಿಯ ಪಕ್ಕದಲ್ಲಿ ಸಣ್ಣ ಕಿಂಡಿ ಇರುವ ಮಾದರಿಗಳಲ್ಲಿ, ಸೂಜಿ ನಾಳ ಸೇರಿತೆಂದು ತಿಳಿಸುವ ರಕ್ತವು ನಳಿಕೆಯೊಳಗೇ ಬೇಗ ಕಾಣಿಸಿಕೊಳ್ಳುತ್ತದೆ. ಕಿಂಡಿಯಿಲ್ಲದವುಗಳಲ್ಲಿ ರಕ್ತ ಸೂಜಿಯ ಹಿಂತುದಿಯ ಪಾರದರ್ಶಕ ಕೋಣೆಯನ್ನು ತಲುಪುವವರೆಗೆ ಕಾಯಬೇಕಾಗಿದ್ದು, ಅಷ್ಟರಲ್ಲಿ ಸೂಜಿ ನಾಳದ ಹಿಂಗೋಡೆಯನ್ನೂ ತೂರಿಬಿಡುವ ಅಪಾಯವಿದೆ. ಶಿಶುಗಳಿಗೆ ಬಳಸುವ ಹಳದಿ ಬಣ್ಣದ 24 ಗೇಜ್ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ನಳಿಕೆ ಸಣ್ಣದು) ಕ್ಯಾನುಲಾದಲ್ಲಿ ಕಿಂಡಿ ಇರಲೇಬೇಕೆಂಬುದು ನನ್ನ ಅಭಿಪ್ರಾಯ. ಹಸಿರು 18 ಗೇಜ್‌ನಲ್ಲಿ ರಕ್ತ ಹೇಗೂ ಬೇಗ ಹರಿಯುವುದರಿಂದ ಅದಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ.