ರೆಡಿಮೇಡ್ ಹ್ಯಾಶ್‌ಟ್ಯಾಗ್ ಪಟ್ಟಿ ಕೊಳ್ಳಬೇಡಿ: ಬೀದರ್ ಕಡೆಯ ಒಂದು ಬ್ಲಾಗಿಗೆ ಆದದ್ದು

ಕಲಬುರಗಿ, ಬೀದರ್, ಯಾದಗಿರಿ ಕಡೆ ಕನ್ನಡದಲ್ಲಿ ಬ್ಲಾಗ್ ಬರೆಯುವವರಿಗೆ ಈಚೆಗೆ ಒಂದೇ ಧಾಟಿಯ ಮೆಸೇಜು ಬರುತ್ತಿದೆ. "ನೀವ್ ಬರೀರಿ ಸಾಕು, ಟ್ಯಾಗ್ ನಾವ್ ಹಾಕ್ತೀವಿ, ರೀಚ್ ತಾನೇ ಬರ್ತದ." ರೀಚ್ ಅಂದರೆ ಬರಹ ಎಷ್ಟು ಮಂದಿಗೆ ತಲುಪುತ್ತದೆ ಎಂಬ ಲೆಕ್ಕ. ಜೊತೆಗೆ 30 ಹ್ಯಾಶ್‌ಟ್ಯಾಗ್‌ಗಳ ಪಟ್ಟಿ, ತಿಂಗಳಿಗೆ ಇಷ್ಟು ಅಂತ ದರ. ಒಪ್ಪಬೇಡಿ. ದುಡ್ಡು ಹೋಗುವುದು ಸಣ್ಣ ನಷ್ಟ, ವರ್ಷಗಟ್ಟಲೆ ಕಷ್ಟಪಟ್ಟು ಬರೆದ ಬ್ಲಾಗಿನ ಲಿಂಕೇ ಎಲ್ಲೂ ಹಂಚಲಾಗದ ಸ್ಥಿತಿಗೆ ಬರಬಹುದು.

ಹಾಗೆ ಆದ ಬ್ಲಾಗು ಬೀದರ್ ಜಿಲ್ಲೆಯದು. ಕೋಟೆ, ಬಿದ್ರಿ ಕೆಲಸ, ನೌಬಾದಿನ ಸುರಂಗ ಬಾವಿ, ಹೊಲದ ಹಬ್ಬಗಳು, ಇಂಥ ವಿಷಯಗಳ ಮೇಲೆ ಒಳ್ಳೆಯ ಬರಹಗಳಿದ್ದವು. ಓದುಗರು ಕಡಿಮೆ, ಆದರೆ ನಿಜವಾದ ಓದುಗರು. ಪ್ರಚಾರ ಮಾಡಿಕೊಡುತ್ತೇವೆ ಎಂದವರಿಗೆ ಫೇಸ್‌ಬುಕ್ ಪುಟ, ಇನ್‌ಸ್ಟಾಗ್ರಾಮ್ ಖಾತೆ ಎರಡರ ಪಾಸ್‌ವರ್ಡನ್ನೂ ಕೊಟ್ಟರು. ಆಮೇಲೆ ಪ್ರತಿ ಬರಹದ ಕೆಳಗೂ ಅದೇ 30 ಟ್ಯಾಗು: ಪ್ರೀತಿ, ಟ್ರೆಂಡಿಂಗ್, ವೈರಲ್, ಲೈಕಿಗೆ ಲೈಕು, ಫಾಲೋಗೆ ಫಾಲೋ, ಆ ವಾರದ ಸಿನಿಮಾ ನಟನ ಹೆಸರು, ಕ್ರಿಕೆಟ್ ಪಂದ್ಯದ ಹೆಸರು. ಸುರಂಗ ಬಾವಿಯ ಬರಹಕ್ಕೂ ಅದೇ, ಎಳ್ಳ ಅಮಾವಾಸ್ಯೆಯ ಭಜ್ಜಿಯ ಬರಹಕ್ಕೂ ಅದೇ. ಜೊತೆಗೆ ಪುಟಕ್ಕೆ ಸಂಬಂಧವೇ ಇಲ್ಲದ ಹತ್ತಾರು ಮಂದಿಯನ್ನು ಪ್ರತಿ ಪೋಸ್ಟಿನಲ್ಲೂ ಟ್ಯಾಗ್ ಮಾಡಿದರು, ಅದೇ ಪಠ್ಯ, ಅದೇ ಲಿಂಕನ್ನು ಕೆಲವೇ ನಿಮಿಷಗಳಲ್ಲಿ ಸಾಲು ಸಾಲು ಗುಂಪುಗಳಿಗೆ ಹಾಕಿದರು.

ಮೊದಲು ಲೈಕು ಏರಿದವು. ಕಾಮೆಂಟಿನಲ್ಲಿ ಬೆಂಕಿ ಇಮೋಜಿ, "ನೈಸ್ ಪಿಕ್", "ಪ್ರಮೋಟ್ ಮಾಡ್ತೀವಿ, ಮೆಸೇಜ್ ಮಾಡಿ". ಬ್ಲಾಗಿನ ಅಂಕಿಅಂಶ ಮಾತ್ರ ಕದಲಲಿಲ್ಲ. ನಂತರ ಟ್ಯಾಗಿನ ಕಾಟ ತಾಳದವರು ಪೋಸ್ಟುಗಳನ್ನು ಸ್ಪ್ಯಾಮ್ ಎಂದು ವರದಿ ಮಾಡತೊಡಗಿದರು. ಒಂದು ದಿನ ಬ್ಲಾಗಿನ ಲಿಂಕು ಹಾಕಿದರೆ, ಇದು ಸಮುದಾಯದ ನಿಯಮಗಳಿಗೆ ವಿರುದ್ಧ ಎಂಬ ಸೂಚನೆ ಬಂತು. ಹೊಸ ಬರಹ ಅಷ್ಟೇ ಅಲ್ಲ, ಓದುಗರು ಹಿಂದೆ ತಾವಾಗಿ ಹಂಚಿಕೊಂಡಿದ್ದ ಹಳೆಯ ಲಿಂಕುಗಳೂ ಮಾಯವಾದವು. ಪ್ರಾಮಾಣಿಕವಾಗಿ ಓದಿ ಹಂಚಿದವರಿಗೂ "ನಿಮ್ಮ ಪೋಸ್ಟ್ ತೆಗೆಯಲಾಗಿದೆ" ಅಂತ ನೋಟಿಸು. ಬರೆಯುವವರಿಗೆ ಇದಕ್ಕಿಂತ ನೋವಿನ ಸಂಗತಿ ಬೇರೆ ಇಲ್ಲ.

ಹೀಗೇಕಾಯಿತು ಎಂದು ತಿಳಿಯಲು ಟ್ಯಾಗ್ ಎಂಬ ಒಂದೇ ಹೆಸರಿನಲ್ಲಿ ಓಡಾಡುವ ನಾಲ್ಕು ಬೇರೆ ಬೇರೆ ವಸ್ತುಗಳನ್ನು ಬಿಡಿಸಿ ನೋಡಬೇಕು. ಬ್ಲಾಗಿನ ಒಳಗೆ ಹಾಕುವ ಲೇಬಲ್ ಅಥವಾ ಟ್ಯಾಗ್ ಒಂದು. ಸಾಮಾಜಿಕ ಜಾಲತಾಣದಲ್ಲಿ # ಹಚ್ಚಿ ಬರೆಯುವ ಹ್ಯಾಶ್‌ಟ್ಯಾಗ್ ಇನ್ನೊಂದು. ವ್ಯಕ್ತಿಯನ್ನು ಹೆಸರಿಸಿ ಟ್ಯಾಗ್ ಮಾಡುವುದು ಮೂರನೆಯದು. ಬ್ಲಾಗಿನ ಕೋಡಿನಲ್ಲಿ ಕೂತಿದ್ದು, ಲಿಂಕು ಹಂಚಿದಾಗ ಚಿತ್ರ, ಶೀರ್ಷಿಕೆ ತೋರಿಸುವ ಓಪನ್ ಗ್ರಾಫ್ ಟ್ಯಾಗು ನಾಲ್ಕನೆಯದು. ಪಟ್ಟಿ ಮಾರುವವರು ಎರಡನೆಯದನ್ನು ತೋರಿಸಿ ದುಡ್ಡು ತೆಗೆದುಕೊಳ್ಳುತ್ತಾರೆ, ಮೂರನೆಯದರಲ್ಲಿ ಹಾನಿ ಮಾಡುತ್ತಾರೆ. ಓದುಗರನ್ನು ನಿಜಕ್ಕೂ ತರುವ ನಾಲ್ಕನೆಯದನ್ನು ಮುಟ್ಟುವುದೇ ಇಲ್ಲ.

ಹ್ಯಾಶ್‌ಟ್ಯಾಗ್ ಹುಟ್ಟಿದ್ದು ಒಂದು ವಿಷಯದ ಮಾತುಗಳನ್ನು ಒಂದೆಡೆ ಸೇರಿಸಲು. 2007ರ ಆಗಸ್ಟ್‌ನಲ್ಲಿ ಕ್ರಿಸ್ ಮೆಸಿನಾ ಟ್ವಿಟರ್‌ನಲ್ಲಿ ಇದನ್ನು ಸೂಚಿಸಿದ್ದು ಆ ಕಾರಣಕ್ಕೇ. ಇವತ್ತಿಗೂ ಅದರ ಕೆಲಸ ಅಷ್ಟೇ: ಈ ಪೋಸ್ಟು ಯಾವ ವಿಷಯದ್ದು ಎಂದು ಹೇಳುವುದು. ಬಾವಿಯ ಬರಹಕ್ಕೆ ಸಿನಿಮಾ ನಟನ ಹೆಸರು ಹಚ್ಚಿದರೆ ಅದು ಆ ನಟನ ಅಭಿಮಾನಿಗಳ ಮುಂದೆ ಹೋಗಿ ಬೀಳುತ್ತದೆ. ಅವರು ನಿಲ್ಲದೆ ಮುಂದೆ ಸರಿಸುತ್ತಾರೆ. ಯಾರೂ ನಿಂತು ನೋಡದ ಪೋಸ್ಟನ್ನು ಜಾಲತಾಣ ಮುಂದಕ್ಕೆ ತಳ್ಳುವುದಿಲ್ಲ.

ಸಂಖ್ಯೆಯ ವಿಷಯವನ್ನೂ ಸ್ಪಷ್ಟವಾಗಿ ತಿಳಿದಿರಿ. ಇನ್‌ಸ್ಟಾಗ್ರಾಮ್ 30ರವರೆಗೆ ಹಾಕಲು ಬಹುಕಾಲ ಬಿಟ್ಟಿತ್ತು ನಿಜ. ಆದರೆ ಅದರದೇ ಕ್ರಿಯೇಟರ್ಸ್ ಖಾತೆ 2021ರಲ್ಲೇ 3ರಿಂದ 5 ಸಾಕು ಎಂದು ಸಲಹೆ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಹ್ಯಾಶ್‌ಟ್ಯಾಗನ್ನು ಫಾಲೋ ಮಾಡುವ ಸೌಲಭ್ಯವನ್ನೇ ತೆಗೆದುಹಾಕಿತು. ಟ್ವಿಟರ್ ಒಂದು ಪೋಸ್ಟಿಗೆ 2 ದಾಟಬೇಡಿ ಎಂದು ಹೇಳುತ್ತಿತ್ತು, ಎಕ್ಸ್ ಆದ ಮೇಲೂ ಆ ಮಿತಿ ಮೀರುವುದರಲ್ಲಿ ಲಾಭವಿಲ್ಲ. ಥ್ರೆಡ್ಸ್‌ನಲ್ಲಿ ಒಂದು ಪೋಸ್ಟಿಗೆ ಒಂದೇ ಟ್ಯಾಗು, ಅದರೊಳಗೆ ಜಾಗ ಬಿಟ್ಟು ಎರಡು ಪದ ಬರೆಯಲೂ ಬಹುದು. ಯೂಟ್ಯೂಬ್ 60ಕ್ಕಿಂತ ಹೆಚ್ಚು ಹಾಕಿದರೆ ಎಲ್ಲವನ್ನೂ ಕಡೆಗಣಿಸುತ್ತದೆ. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ ಟ್ಯಾಗು, ವರ್ಗ ಎರಡೂ ಸೇರಿ 15 ದಾಟಿದ ಬರಹ, ಬೇರೆ ಬ್ಲಾಗುಗಳನ್ನು ಓದಲು ಅದು ಕೊಡುವ ರೀಡರ್ ಎಂಬ ಪುಟದ ವಿಷಯ ಪಟ್ಟಿಗಳಲ್ಲಿ ಕಾಣಿಸುವುದೇ ಇಲ್ಲ. ಹೆಚ್ಚು ಹಾಕಿದಷ್ಟೂ ಹೆಚ್ಚು ಮಂದಿ ಎಂಬ ಲೆಕ್ಕ ಎಲ್ಲೂ ನಿಲ್ಲುವುದಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಹ್ಯಾಶ್‌ಟ್ಯಾಗ್ ಹಾಕುವುದು ವ್ಯರ್ಥ ಶ್ರಮ. ಫೇಸ್‌ಬುಕ್‌ನಲ್ಲಿ ಪೋಸ್ಟು ಸಾರ್ವಜನಿಕ ಆಗಿರದಿದ್ದರೆ ಟ್ಯಾಗು ಹುಡುಕುವ ಹೊರಗಿನವರಿಗೆ ಅದು ಕಾಣದು.

ಕನ್ನಡದಲ್ಲಿ ಟ್ಯಾಗ್ ಬರೆಯುವವರಿಗೆ ಬೇರೆಯೇ ತೊಡಕುಗಳಿವೆ. ಯಾವ ರೆಡಿಮೇಡ್ ಪಟ್ಟಿಯೂ ಇವನ್ನು ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ನಿಧಾನಿಸಿ ಓದಿ.

ಮೊದಲನೆಯದು ವಿಭಕ್ತಿ. ವಾಕ್ಯದ ನಡುವೆ #ಕಲಬುರಗಿಯಲ್ಲಿ ಎಂದು ಬರೆದರೆ ಅದು #ಕಲಬುರಗಿ ಅಲ್ಲ, ಬೇರೆಯೇ ಟ್ಯಾಗು. #ಬೀದರಿನ, #ಬೀದರಿಗೆ, #ಬೀದರ್ ಮೂರೂ ಮೂರು. ಇಂಗ್ಲಿಷಿನಲ್ಲಿ ಪದದ ರೂಪ ಕೆಡದೆ ವಾಕ್ಯದೊಳಗೆ ಟ್ಯಾಗು ಕೂರುತ್ತದೆ, ಕನ್ನಡದಲ್ಲಿ ಕೂರುವುದಿಲ್ಲ. ಆದ್ದರಿಂದ ಟ್ಯಾಗುಗಳನ್ನು ಪಠ್ಯ ಮುಗಿದ ಮೇಲೆ ಪ್ರತ್ಯೇಕ ಸಾಲಿನಲ್ಲಿ, ಪ್ರತ್ಯಯವಿಲ್ಲದ ಮೂಲ ರೂಪದಲ್ಲಿ ಬರೆಯಿರಿ.

ಎರಡನೆಯದು ಕಣ್ಣಿಗೆ ಕಾಣದ ಅಕ್ಷರ. ಬೀದರ್, ಕೋಟೆ ಎರಡನ್ನೂ ಜೋಡಿಸಿ ಟೈಪ್ ಮಾಡಿದರೆ ಬೀದರ್ಕೋಟೆ ಎಂದು ಒತ್ತಕ್ಷರವಾಗುತ್ತದೆ. ಹಾಗಾಗಬಾರದು ಎಂದು ನಡುವೆ ಹಾಕುವ ಗುರುತಿಗೆ ಝಡ್‌ಡಬ್ಲ್ಯೂಎನ್‌ಜೆ ಅನ್ನುತ್ತಾರೆ. ಪರದೆಯ ಮೇಲೆ ಅದು ಕಾಣುವುದಿಲ್ಲ, ಆದರೆ ಯಂತ್ರಕ್ಕೆ ಅದೂ ಒಂದು ಅಕ್ಷರ. ಆ ಗುರುತು ಇದ್ದ ಕಡೆ ಟ್ಯಾಗು ತುಂಡಾಗಬಹುದು, ಅಥವಾ ಗುರುತು ಇಲ್ಲದೆ ಬರೆದವರ ಟ್ಯಾಗಿಗಿಂತ ಬೇರೆಯದಾಗಿ ನಿಲ್ಲಬಹುದು. #ಬೀದರ್_ಕೋಟೆ ಎಂದು ಕೆಳಗೆರೆ ಹಾಕಿ, ಇಲ್ಲವೇ #ಬೀದರಕೋಟೆ ಎಂದು ಅಕಾರಾಂತ ಮಾಡಿ. ಎರಡರಲ್ಲಿ ಒಂದನ್ನು ಆರಿಸಿಕೊಂಡು ಅದನ್ನೇ ಕೊನೆತನಕ ಬಳಸಿ. ಪೋಸ್ಟ್ ಮಾಡಿದ ಮೇಲೆ ಟ್ಯಾಗಿನ ಬಣ್ಣ ಕಡೆಯ ಅಕ್ಷರದವರೆಗೂ ಬದಲಾಗಿದೆಯೇ ನೋಡಿ, ಒತ್ತಿ ತೆರೆದೂ ನೋಡಿ.

ಮೂರನೆಯದು ಚಿಹ್ನೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿ, ನಮ್ಮವರು ಮೇಲಿಂದ ಮೇಲೆ ಬರೆಯುವ 371(ಜೆ) ಇದಕ್ಕೆ ಸರಿಯಾದ ಉದಾಹರಣೆ. #371(ಜೆ) ಎಂದರೆ ಆವರಣ ಚಿಹ್ನೆಯ ಹತ್ತಿರ ಟ್ಯಾಗು ಮುಗಿಯುತ್ತದೆ, ಉಳಿಯುವುದು ಬರೀ ಅಂಕಿ. ಬರೀ ಅಂಕಿಯನ್ನು ಸಾಮಾನ್ಯವಾಗಿ ಟ್ಯಾಗೆಂದು ಪರಿಗಣಿಸುವುದೇ ಇಲ್ಲ. #371ಜೆ ಎಂದು ಬರೆಯಿರಿ. ಥ್ರೆಡ್ಸ್ ಬಿಟ್ಟು ಉಳಿದ ಕಡೆ ಅಡ್ಡಗೆರೆ, ಚುಕ್ಕಿ, ಖಾಲಿ ಜಾಗ ಎಲ್ಲವೂ ಹೀಗೇ ಟ್ಯಾಗನ್ನು ಮುರಿಯುತ್ತವೆ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದ್ದಂತೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬೀಳುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಿ.

ನಾಲ್ಕನೆಯದು ಊರಿನ ಹೆಸರು. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು. ಆದರೂ ಕಲಬುರಗಿ, ಕಲಬುರ್ಗಿ, ಗುಲ್ಬರ್ಗಾ, ಗುಲಬರ್ಗಾ ಎಲ್ಲವೂ ಬಳಕೆಯಲ್ಲಿವೆ. ಸುರಪುರಕ್ಕೆ ಶೋರಾಪುರ, ಯಾದಗಿರಿಗೆ ಯಾದಗೀರ. ಕನ್ನಡದಲ್ಲಿ ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳಿ. ಹಳೆಯ ಹೆಸರಿನಲ್ಲಿ ಹುಡುಕುವವರಿಗಾಗಿ ಅದನ್ನು ಬರಹದ ಮೊದಲ ಪ್ಯಾರಾದಲ್ಲಿ ಒಮ್ಮೆ ಹೇಳಿ, ಸಾಕು. ಬೀದರ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪದ ಹಾಕಿದರೆ ಇಂಡೋನೇಷ್ಯಾದ ಪಾಲೆಂಬಾಂಗ್‌ನ ದೋಣಿ ಪಂದ್ಯಗಳ ಜೊತೆ ಸೇರಿಹೋಗುತ್ತೀರಿ, ಅಲ್ಲಿನ ಉದ್ದನೆಯ ಪಂದ್ಯದ ದೋಣಿಗೂ ಬಿದಾರ್ ಎಂದೇ ಹೆಸರು. ಇಂಗ್ಲಿಷ್ ಟ್ಯಾಗು ಬೇಕೇ ಬೇಕಿದ್ದರೆ ಬೀದರ್ ಜೊತೆ ಕರ್ನಾಟಕ, ಕೋಟೆ ಇಂಥ ಪದವನ್ನು ಸೇರಿಸಿ, ಪ್ರತಿ ಪದದ ಮೊದಲ ಅಕ್ಷರ ದೊಡ್ಡದು ಮಾಡಿ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಆಗ ಪದಗಳನ್ನು ಬಿಡಿಸಿ ಓದುತ್ತದೆ.

ಹಾಗಾದರೆ ಸುರಂಗ ಬಾವಿಯ ಆ ಬರಹಕ್ಕೆ ಏನು ಹಾಕಬೇಕಿತ್ತು? ಊರಿನವರು ಅನ್ನುವುದು ಸುರಂಗ ಬಾವಿ. ಇತಿಹಾಸ ಓದುವವರು ಹುಡುಕುವುದು ಕರೇಜ್, ಇರಾನ್ ಮೂಲದ ನೆಲದಡಿಯ ಕಾಲುವೆ ವ್ಯವಸ್ಥೆಗೆ ಇರುವ ಹೆಸರು. ಇನ್‌ಸ್ಟಾಗ್ರಾಮ್‌ಗೆ #ಸುರಂಗಬಾವಿ #ಕರೇಜ್ #ನೌಬಾದ್ #ಬೀದರ್, ನಾಲ್ಕೇ. ಎಕ್ಸ್‌ಗೆ #ಕರೇಜ್ #ಬೀದರ್. ಥ್ರೆಡ್ಸ್‌ಗೆ ಕರೇಜ್ ಒಂದೇ. ಆಯ್ಕೆಯ ಕ್ರಮ ಇಷ್ಟು: ವಸ್ತುವಿನ ಹೆಸರು, ಜಾಗದ ಹೆಸರು, ಅದನ್ನು ಹುಡುಕುವ ಸಮುದಾಯದ ಪದ. ತೊಗರಿಯ ಬರಹವಾದರೆ #ತೊಗರಿ ಮಾತ್ರ ಹಾಕಿ ಬಿಡಬೇಡಿ, ಬರಹ ನೆಟೆ ರೋಗದ ಬಗ್ಗೆ ಇದ್ದರೆ #ನೆಟೆರೋಗ ಮುಂದೆ ಬರಲಿ. ಗಿಡ ಒಣಗುವಾಗ ರೈತರು ಹುಡುಕುವುದು ಆ ಪದವನ್ನೇ. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಎಡೆ ಚೆಲ್ಲುವ ಚರಗದ ಬರಹವನ್ನು ಹಬ್ಬದ ದಿನ ಸಂಜೆ ಹಾಕಿದರೆ ತಡ. ಭಜ್ಜಿಗೆ ಏನೇನು ತರಬೇಕು ಎಂದು ಮಂದಿ ನೋಡುವುದು ಹಿಂದಿನ ವಾರ.

ಯಾವ ಟ್ಯಾಗನ್ನಾದರೂ ಮೊದಲ ಸಲ ಬಳಸುವ ಮುನ್ನ ಅದರ ಪುಟ ತೆರೆದು ನೋಡುವುದು ಕಡ್ಡಾಯ ಮಾಡಿಕೊಳ್ಳಿ. ಕೆಲವು ಸಾಮಾನ್ಯ ಪದಗಳನ್ನು ದುರ್ಬಳಕೆಯಿಂದಾಗಿ ಇನ್‌ಸ್ಟಾಗ್ರಾಮ್ ನಿರ್ಬಂಧಿಸಿರುತ್ತದೆ, ಆ ಪುಟದಲ್ಲಿ ಪೋಸ್ಟುಗಳೇ ಕಾಣುವುದಿಲ್ಲ. ಬೇರೆ ವಿಷಯದ, ಅಶ್ಲೀಲ ಚಿತ್ರಗಳೇ ತುಂಬಿದ್ದರೆ ಅದೂ ನಿಮ್ಮದಲ್ಲ.

ಬ್ಲಾಗಿನ ಒಳಗಿನ ಲೇಬಲ್‌ಗಳಿಗೆ ಹ್ಯಾಶ್‌ಟ್ಯಾಗ್ ಪಟ್ಟಿ ಸುರಿಯಬೇಡಿ. ಅಲ್ಲಿನ ಪ್ರತಿ ಟ್ಯಾಗಿಗೂ ಒಂದು ಪುಟ ಹುಟ್ಟುತ್ತದೆ. ಒಂದೇ ಬರಹವಿರುವ ನೂರು ಪುಟಗಳಿಂದ ಓದುಗರಿಗೂ ಹುಡುಕಾಟ ಯಂತ್ರಕ್ಕೂ ಗೊಂದಲ. ಇಡೀ ಬ್ಲಾಗಿಗೆ ಹತ್ತಿಪ್ಪತ್ತು ಲೇಬಲ್ ನಿಗದಿ ಮಾಡಿ, ಬರಹಕ್ಕೆ ಎರಡೋ ಮೂರೋ ಹಾಕಿ. ಇನ್ನು ಮೆಟಾ ಕೀವರ್ಡ್, ಅಂದರೆ ಪುಟದ ಕೋಡಿನಲ್ಲಿ ಹುಡುಕಾಟದ ಪದಗಳ ಪಟ್ಟಿ, ತುಂಬಿಕೊಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಗೂಗಲ್ ವೆಬ್ ಹುಡುಕಾಟದ ಸ್ಥಾನ ನಿರ್ಧರಿಸಲು ಅದನ್ನು ಬಳಸುವುದಿಲ್ಲ ಎಂದು 2009ರಲ್ಲೇ ಹೇಳಿದೆ.

ಆ ಶ್ರಮವನ್ನು ಓಪನ್ ಗ್ರಾಫ್ ಟ್ಯಾಗುಗಳ ಮೇಲೆ ಹಾಕಿ. ಶೀರ್ಷಿಕೆ, ಎರಡು ಸಾಲಿನ ವಿವರಣೆ, ಚಿತ್ರ. ಚಿತ್ರ 1200 x 630 ಪಿಕ್ಸೆಲ್ ಇರಲಿ, ಗಾತ್ರ 300 ಕೆಬಿ ಒಳಗಿರಲಿ. ಭಾರ ಹೆಚ್ಚಾದರೆ ವಾಟ್ಸಾಪಿನಲ್ಲಿ ಚಿತ್ರ ಬರದೆ ಬರೀ ಲಿಂಕು ಉಳಿಯುತ್ತದೆ, ನಮ್ಮ ಕಡೆ ಬರಹ ಹೆಚ್ಚು ಓಡಾಡುವುದೇ ವಾಟ್ಸಾಪಿನಲ್ಲಿ. ಇನ್‌ಸ್ಟಾಗ್ರಾಮ್ ಪೋಸ್ಟಿನ ಪಠ್ಯದಲ್ಲಿ ಹಾಕಿದ ಲಿಂಕು ಒತ್ತಿದರೆ ತೆರೆಯುವುದಿಲ್ಲ ಎಂಬುದೂ ನೆನಪಿರಲಿ. ಬಯೋದಲ್ಲಿ ಹಾಕಿ, ಸ್ಟೋರಿಯಲ್ಲಿ ಲಿಂಕ್ ಸ್ಟಿಕರ್ ಹಚ್ಚಿ. ಪ್ರತಿ ಜಾಲತಾಣಕ್ಕೂ ಯುಟಿಎಂ (ಓದುಗರು ಎಲ್ಲಿಂದ ಬಂದರೆಂದು ತಿಳಿಸಲು ವಿಳಾಸದ ಕೊನೆಗೆ ಹಚ್ಚುವ ಗುರುತು) ಸೇರಿಸಿದ ಬೇರೆ ಲಿಂಕು ಮಾಡಿಕೊಂಡರೆ ಯಾವ ಕಡೆಯಿಂದ ಎಷ್ಟು ಓದುಗರು ಬಂದರು ಎಂಬುದು ಅಂಕಿಯಲ್ಲಿ ಕಾಣುತ್ತದೆ. ಲೈಕು ಎಣಿಸುವುದಕ್ಕಿಂತ ಇದು ಎಷ್ಟೋ ವಾಸಿ.

ವ್ಯಕ್ತಿಗಳನ್ನು ಟ್ಯಾಗ್ ಮಾಡುವುದು ಬರಹದಲ್ಲಿ ಅವರ ಕೆಲಸ, ಫೋಟೊ ಅಥವಾ ಮಾತು ಇದ್ದಾಗ ಮಾತ್ರ, ಅದೂ ಕೇಳಿ. "ಸರ್, ನಿಮ್ಮ ಫೋಟೊ ಬಳಸೀನಿ, ಟ್ಯಾಗ್ ಮಾಡ್ಲೇನ್ರಿ?" ಎಂಬ ಒಂದು ಸಾಲು ಸಾಕು.

ಈಗಾಗಲೇ ಇಂಥವರ ಕೈಗೆ ಖಾತೆ ಕೊಟ್ಟಿದ್ದರೆ ಇಂದೇ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್ ಔಟ್ ಮಾಡಿ, ಎರಡು ಹಂತದ ದೃಢೀಕರಣ ಹಾಕಿ. ಪುಟದ ನಿರ್ವಾಹಕರ ಪಟ್ಟಿಯಲ್ಲಿ ಅಪರಿಚಿತರಿದ್ದರೆ, ಖಾತೆಗೆ ಜೋಡಿಸಿದ ಗುರುತಿಲ್ಲದ ಆ್ಯಪ್‌ಗಳಿದ್ದರೆ ತೆಗೆಯಿರಿ. ಯಾರಿಗಾದರೂ ಕೆಲಸ ಒಪ್ಪಿಸಲೇಬೇಕಾದರೆ ಪುಟದ ಸೀಮಿತ ಅನುಮತಿ ಕೊಡಿ, ಪಾಸ್‌ವರ್ಡ್ ಬೇಡ.

ಲಿಂಕೇ ನಿರ್ಬಂಧಗೊಂಡಿದ್ದರೆ ಗಾಬರಿಯಲ್ಲಿ ಮತ್ತೆ ಮತ್ತೆ ಹಾಕಬೇಡಿ. ಲಿಂಕು ಚಿಕ್ಕದು ಮಾಡುವ ಸೇವೆ ಬಳಸಿ ಕಳ್ಳದಾರಿ ಹುಡುಕಬೇಡಿ, ಅದು ನಿಯಮ ತಪ್ಪಿಸುವ ಯತ್ನವೆಂದು ಕಾಣಬಹುದು. ಮೊದಲು ಸ್ಪ್ಯಾಮ್ ಪೋಸ್ಟುಗಳನ್ನೂ ಅನಗತ್ಯ ಟ್ಯಾಗುಗಳನ್ನೂ ಅಳಿಸಿ. ಬ್ಲಾಗಿನ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದ ಭದ್ರತಾ ವಿಭಾಗದಲ್ಲಿ ಬ್ಲಾಗು ಹ್ಯಾಕ್ ಆಗಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಲಿಂಕು ಹಂಚಿದಾಗ ಹೇಗೆ ಕಾಣುತ್ತದೆ ಎಂದು ಪರೀಕ್ಷಿಸುವ ಫೇಸ್‌ಬುಕ್‌ನ ಶೇರಿಂಗ್ ಡಿಬಗರ್‌ನಲ್ಲಿ ವಿಳಾಸ ಹಾಕಿದರೆ ನಿರ್ಬಂಧದ ಸೂಚನೆ ತೋರುತ್ತದೆ. ಅಲ್ಲಿ ಇದು ತಪ್ಪು ಎಂದು ತಿಳಿಸಲು ಕೊಂಡಿ ಇದ್ದರೆ ಬ್ಲಾಗಿನಲ್ಲಿ ಏನಿದೆ, ಏನನ್ನು ಅಳಿಸಿದ್ದೀರಿ ಎಂದು ನಾಲ್ಕು ಸಾಲು ಬರೆದು ಒಮ್ಮೆ ಕಳಿಸಿ, ಕಾಯಿರಿ. ನಿರ್ಬಂಧ ತೆರವಾದ ಮೇಲೆ ಮುಖ್ಯ ಬರಹಗಳ ವಿಳಾಸವನ್ನು ಅದೇ ಡಿಬಗರ್‌ನಲ್ಲಿ ಒಂದೊಂದಾಗಿ ಹಾಕಿ, ಪುಟವನ್ನು ಹೊಸದಾಗಿ ಓದಿಸುವ ಸ್ಕ್ರೇಪ್ ಎಗೇನ್ ಗುಂಡಿ ಒತ್ತಿ, ಇಲ್ಲದಿದ್ದರೆ ಹಳೆಯ ಖಾಲಿ ಮುನ್ನೋಟವೇ ಉಳಿದಿರುತ್ತದೆ.